ವಿಷವಿಜ್ಞಾನದ ಜರ್ನಲ್ ಒಂದರ ಸಂಶೋಧನಾ ಒಲವು ಮತ್ತು ಉಲ್ಲೇಖ ಪ್ರಭಾವವನ್ನು ಅಳೆಯುವ ಬಗೆ

ವಿಷವಿಜ್ಞಾನದ ಜರ್ನಲ್ ಒಂದರಲ್ಲಿ ಹತ್ತಿಪ್ಪತ್ತು ವರ್ಷಗಳ ಅವಧಿಯಲ್ಲಿ ಯಾವ ವಿಷಯಗಳು ಮುನ್ನೆಲೆಗೆ ಬಂದವು, ಯಾವುವು ಹಿಂದೆ ಸರಿದವು, ಅಲ್ಲಿ ಪ್ರಕಟವಾದ ಕೆಲಸವನ್ನು ಇತರ ಸಂಶೋಧಕರು ಎಷ್ಟರಮಟ್ಟಿಗೆ ಬಳಸಿಕೊಂಡರು ಎಂಬುದನ್ನು ಲೆಕ್ಕ ಹಾಕಿ ವರದಿ ಬರೆಯಬೇಕಾದ ಸಂದರ್ಭ ಸಂಶೋಧನಾ ವಿದ್ಯಾರ್ಥಿಗಳಿಗೆ, ಗ್ರಂಥಪಾಲಕರಿಗೆ, ಸಂಪಾದಕ ಮಂಡಳಿಯ ಸದಸ್ಯರಿಗೆ ಒಂದಲ್ಲ ಒಂದು ದಿನ ಬರುತ್ತದೆ. ಇಂಥ ವರದಿಗಳಲ್ಲಿ ಬಹುಪಾಲು ಒಂದೇ ಅಚ್ಚಿನವು: ವರ್ಷವಾರು ಲೇಖನಗಳ ಸಂಖ್ಯೆ, ಹೆಚ್ಚು ಬರೆದ ದೇಶಗಳ ಪಟ್ಟಿ, ಬಣ್ಣಬಣ್ಣದ ಕೀವರ್ಡ್ ನಕ್ಷೆ, ಕೊನೆಗೆ ಜರ್ನಲ್‌ನ ಲೇಖನಗಳಿಗೆ ಬಂದ ಉಲ್ಲೇಖಗಳ ಸರಾಸರಿಯನ್ನು ತೋರಿಸುವ ಇಂಪ್ಯಾಕ್ಟ್ ಫ್ಯಾಕ್ಟರ್. ಅವನ್ನು ಓದಿ ಮುಗಿಸಿದ ಮೇಲೂ ಆ ಜರ್ನಲ್‌ ಬಗ್ಗೆಯಾಗಲಿ ವಿಷವಿಜ್ಞಾನದ ಬಗ್ಗೆಯಾಗಲಿ ಹೊಸದೇನೂ ತಿಳಿದಿರುವುದಿಲ್ಲ. ಎಣಿಸುವ ಕೆಲಸವನ್ನು ತಂತ್ರಾಂಶ ಮಾಡಿರುತ್ತದೆ. ಎಣಿಸಿದ್ದು ಏನನ್ನು ಎಂಬುದನ್ನು ಮಾತ್ರ ಯಾರೂ ಬಿಡಿಸಿ ನೋಡಿರುವುದಿಲ್ಲ. ವಿಷವಿಜ್ಞಾನದಲ್ಲಿ ಹೀಗೆ ಬಿಡಿಸಿ ನೋಡುವುದು ಬೇರೆ ಹಲವು ಕ್ಷೇತ್ರಗಳಿಗಿಂತ ಹೆಚ್ಚು ಅಗತ್ಯ. ಇಲ್ಲಿ ಒಂದೇ ರಾಸಾಯನಿಕಕ್ಕೆ ಕಾಲಕಾಲಕ್ಕೆ ಹೆಸರು ಬದಲಾಗುತ್ತದೆ, ಪರೀಕ್ಷಾ ವಿಧಾನಗಳು ಕಾನೂನಿನೊಂದಿಗೆ ಹೆಜ್ಜೆ ಹಾಕುತ್ತವೆ, ಮತ್ತು ಈ ಸಂಶೋಧನೆಯನ್ನು ಅತ್ಯಂತ ಗಂಭೀರವಾಗಿ ಓದುವ ಕೆಲವರು, ಅಂದರೆ ಅಪಾಯದ ಮೌಲ್ಯಮಾಪನ ಮಾಡುವ ಸಂಸ್ಥೆಗಳ ತಜ್ಞರು, ಓದಿದ್ದಕ್ಕೆ ಗುರುತನ್ನು, ಯಾವ ಲೇಖನ ಯಾವುದನ್ನು ಉಲ್ಲೇಖಿಸಿತು ಎಂದು ದಾಖಲಿಸುವ ಉಲ್ಲೇಖ ಡೇಟಾಬೇಸುಗಳ ಹೊರಗೇ ಬಿಟ್ಟುಹೋಗುತ್ತಾರೆ.

ಪ್ರಶ್ನೆಯನ್ನು ಮೊದಲು ಬರೆದಿಡುವುದು

ಡೇಟಾಬೇಸ್ ತೆರೆಯುವ ಮುನ್ನ ಒಂದು ಹಾಳೆಯಲ್ಲಿ ನಿಮ್ಮ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. “ಈ ಜರ್ನಲ್‌ನ ಪ್ರವೃತ್ತಿಗಳ ಅಧ್ಯಯನ” ಎಂಬುದು ಶೀರ್ಷಿಕೆಯಾದೀತು, ಪ್ರಶ್ನೆಯಾಗದು. “2005ರಿಂದ 2024ರವರೆಗೆ ಈ ಜರ್ನಲ್‌ನಲ್ಲಿ ಜೀವಂತ ಪ್ರಾಣಿಗಳ ಮೇಲಿನ ಪ್ರಯೋಗಗಳ ಪಾಲು ಎಷ್ಟು ಇಳಿಯಿತು, ಅವುಗಳ ಬದಲಿಗೆ ಬಂದ ಕೋಶಾಧಾರಿತ ಅಧ್ಯಯನಗಳಿಗೆ ಅಷ್ಟೇ ಉಲ್ಲೇಖ ದೊರೆಯುತ್ತಿದೆಯೇ” ಎಂಬುದು ಪ್ರಶ್ನೆ. ಇಂಥ ಪ್ರಶ್ನೆಯೊಂದು ಕೈಯಲ್ಲಿದ್ದರೆ ಯಾವ ವರ್ಷಗಳು, ಯಾವ ಬಗೆಯ ಲೇಖನಗಳು, ಯಾವ ಅಳತೆಗೋಲು ಬೇಕೆಂಬುದು ತಾನಾಗಿ ತೀರ್ಮಾನವಾಗುತ್ತದೆ. ಇಲ್ಲದಿದ್ದರೆ ತಂತ್ರಾಂಶ ಏನನ್ನು ಸುಲಭವಾಗಿ ಕೊಡುತ್ತದೆಯೋ ಅದೇ ನಿಮ್ಮ ಪ್ರಶ್ನೆಯಾಗಿಬಿಡುತ್ತದೆ.

ಜರ್ನಲ್‌ನ ಜಾತಕ ಮತ್ತು ದತ್ತಾಂಶದ ಸಂಗ್ರಹ

ಎರಡನೆಯ ಕೆಲಸ ಜರ್ನಲ್‌ನ ಇತಿಹಾಸವನ್ನು ತಿಳಿಯುವುದು. ವಿಷವಿಜ್ಞಾನದ ಹಳೆಯ ಜರ್ನಲ್‌ಗಳಲ್ಲಿ ಅನೇಕವು ಹೆಸರು ಬದಲಾಯಿಸಿಕೊಂಡಿವೆ. ಇಂದಿನ “ಫುಡ್ ಅಂಡ್ ಕೆಮಿಕಲ್ ಟಾಕ್ಸಿಕಾಲಜಿ” 1963ರಲ್ಲಿ “ಫುಡ್ ಅಂಡ್ ಕಾಸ್ಮೆಟಿಕ್ಸ್ ಟಾಕ್ಸಿಕಾಲಜಿ” ಎಂಬ ಹೆಸರಿನಲ್ಲಿ ಆರಂಭವಾಗಿ 1982ರಲ್ಲಿ ಈಗಿನ ಹೆಸರನ್ನು ಪಡೆಯಿತು. ಅಮೆರಿಕದ ಸೊಸೈಟಿ ಆಫ್ ಟಾಕ್ಸಿಕಾಲಜಿಯ “ಟಾಕ್ಸಿಕಾಲಾಜಿಕಲ್ ಸೈನ್ಸಸ್” 1998ಕ್ಕೆ ಮುನ್ನ “ಫಂಡಮೆಂಟಲ್ ಅಂಡ್ ಅಪ್ಲೈಡ್ ಟಾಕ್ಸಿಕಾಲಜಿ” ಆಗಿತ್ತು. “ಆರ್ಕೈವ್ಸ್ ಆಫ್ ಟಾಕ್ಸಿಕಾಲಜಿ”ಯ ಮೂಲ 1930ರಲ್ಲಿ ಜರ್ಮನ್ ಹೆಸರಿನಲ್ಲಿ ಹೊರಟ, ವಿಷಪ್ರಾಶನದ ಪ್ರಕರಣಗಳನ್ನು ಸಂಗ್ರಹಿಸುತ್ತಿದ್ದ ಪ್ರಕಟಣೆಯಲ್ಲಿದೆ. ಹೆಸರು ಬದಲಾದಾಗ ಜರ್ನಲ್‌ ಅನ್ನು ಗುರುತಿಸುವ ಐಎಸ್‌ಎಸ್‌ಎನ್ ಸಂಖ್ಯೆಯೂ ಬದಲಾಗುತ್ತದೆ. ಮುದ್ರಿತ ಆವೃತ್ತಿಗೆ ಒಂದು, ಎಲೆಕ್ಟ್ರಾನಿಕ್ ಆವೃತ್ತಿಗೆ ಇನ್ನೊಂದು ಸಂಖ್ಯೆ ಇರುವುದೂ ಸಾಮಾನ್ಯ. ಇವೆಲ್ಲವನ್ನೂ ಕಲೆಹಾಕಿ, ಎಲ್ಲ ಸಂಖ್ಯೆಗಳ ಮೂಲಕವೂ ಹುಡುಕಬೇಕು. ಜರ್ನಲ್‌ನ ಹೆಸರನ್ನಷ್ಟೇ ಕೊಟ್ಟು ಹುಡುಕಿದರೆ ಇನ್ನೊಂದು ಅಪಾಯವಿದೆ: “ಟಾಕ್ಸಿಕಾಲಜಿ” ಎಂಬ ಒಂದೇ ಪದದ ಹೆಸರುಳ್ಳ, 1973ರಲ್ಲಿ ಶುರುವಾದ ಜರ್ನಲ್‌ ಒಂದಿದೆ. ಅದನ್ನು ಹುಡುಕಲು ಹೊರಟವರ ಬುಟ್ಟಿಗೆ ಆ ಪದವನ್ನು ಹೆಸರಿನಲ್ಲಿ ಹೊತ್ತ ಹತ್ತಾರು ಬೇರೆ ಜರ್ನಲ್‌ಗಳ ಲೇಖನಗಳೂ ಬಂದು ಬೀಳುತ್ತವೆ.

ದತ್ತಾಂಶದ ಮೂಲಗಳಲ್ಲಿ ವೆಬ್ ಆಫ್ ಸೈನ್ಸ್ ಮತ್ತು ಸ್ಕೋಪಸ್ ಚಂದಾದಾರರಿಗೆ ಮೀಸಲು. ಚಂದಾ ಇಲ್ಲದವರು ನಿರಾಶರಾಗಬೇಕಿಲ್ಲ. 2022ರ ಜನವರಿಯಲ್ಲಿ ಆರಂಭವಾದ ಓಪನ್‌ಅಲೆಕ್ಸ್ ಯಾರಿಗಾದರೂ ಉಚಿತವಾಗಿ ಸಿಗುತ್ತದೆ. 2021ರ ಕೊನೆಗೆ ಮುಚ್ಚಿಹೋದ ಮೈಕ್ರೋಸಾಫ್ಟ್ ಅಕಾಡೆಮಿಕ್‌ನ ದತ್ತಾಂಶವೇ ಅದರ ಬುನಾದಿ. ಕ್ರಾಸ್‌ರೆಫ್‌ನಲ್ಲಿ ಪ್ರಕಾಶಕರು ಸಲ್ಲಿಸಿದ ಲೇಖನಗಳ ವಿವರಗಳೂ ಉಲ್ಲೇಖ ಪಟ್ಟಿಗಳೂ ಮುಕ್ತವಾಗಿ ಲಭ್ಯವಿವೆ. ಈ ಮೂಲಗಳು ಒಂದೇ ಲೇಖನಕ್ಕೆ ಬೇರೆಬೇರೆ ಉಲ್ಲೇಖ ಸಂಖ್ಯೆಯನ್ನು ತೋರಿಸುತ್ತವೆ, ಏಕೆಂದರೆ ಒಂದೊಂದೂ ಓದುವ ಜರ್ನಲ್‌ಗಳ ವ್ಯಾಪ್ತಿ ಬೇರೆ. ಆದ್ದರಿಂದ ಇಡೀ ಅಧ್ಯಯನಕ್ಕೆ ಒಂದೇ ಮೂಲವನ್ನು ಹಿಡಿಯಿರಿ. ಲೇಖನಗಳ ಸಂಖ್ಯೆಯನ್ನು ಒಂದು ಕಡೆಯಿಂದ, ಉಲ್ಲೇಖಗಳ ಸಂಖ್ಯೆಯನ್ನು ಇನ್ನೊಂದು ಕಡೆಯಿಂದ ತಂದು ಭಾಗಿಸುವುದು ಎಂದಿಗೂ ಸಲ್ಲದು.

ಇಳಿಸಿಕೊಂಡ ಕಡತವನ್ನು ನೇರವಾಗಿ ನಕ್ಷೆಯ ತಂತ್ರಾಂಶಕ್ಕೆ ತುಂಬಬೇಡಿ. ಪ್ರತಿ ಲೇಖನಕ್ಕೂ ಬೇರೆಯಾಗಿ ಕೊಡುವ ಡಿಒಐ ಸಂಖ್ಯೆಯ ಆಧಾರದ ಮೇಲೆ ಇಮ್ಮಡಿಯಾದ ನಮೂದುಗಳನ್ನು ತೆಗೆಯಿರಿ. ಮೂಲ ಸಂಶೋಧನಾ ಲೇಖನ, ಸಮೀಕ್ಷಾ ಲೇಖನ, ಸಂಪಾದಕೀಯ, ಸಂಪಾದಕರಿಗೆ ಬರೆದ ಪತ್ರ, ತಿದ್ದುಪಡಿ, ಸಮ್ಮೇಳನದ ಸಾರಾಂಶ ಎಂದು ಪ್ರತಿ ನಮೂದಿನ ಬಗೆಯನ್ನು ಬೇರ್ಪಡಿಸಿ. ವಿಷವಿಜ್ಞಾನದ ಜರ್ನಲ್‌ಗಳಲ್ಲಿ ಕೆಲವು ತಮ್ಮ ಸಂಘದ ವಾರ್ಷಿಕ ಸಮ್ಮೇಳನದ ಸಾರಾಂಶಗಳನ್ನು ಪುರವಣಿಯಾಗಿ ಪ್ರಕಟಿಸುತ್ತವೆ. ಅವನ್ನು ಗಮನಿಸದೆ ಬಿಟ್ಟರೆ ಒಂದು ವರ್ಷ ಲೇಖನಗಳ ಸಂಖ್ಯೆ ದಿಢೀರನೆ ಜಿಗಿದಂತೆಯೂ ಅವುಗಳ ಸರಾಸರಿ ಉಲ್ಲೇಖ ಕುಸಿದಂತೆಯೂ ಕಾಣುತ್ತದೆ. ಆ ಜಿಗಿತಕ್ಕೆ ಕಾರಣ ಹುಡುಕುತ್ತ ಪುಟಗಟ್ಟಲೆ ಚರ್ಚೆ ಬರೆಯುವವರೂ ಇದ್ದಾರೆ.

ಪದಗಳ ಬಲೆ

ಒಲವುಗಳನ್ನು ಗುರುತಿಸುವ ಕೆಲಸದಲ್ಲಿ ಹೆಚ್ಚಿನ ತಪ್ಪುಗಳು ಆಗುವುದು ಇಲ್ಲಿ, ಮತ್ತು ವಿಷವಿಜ್ಞಾನ ಬಲ್ಲವರ ಅಗತ್ಯ ಬೀಳುವುದೂ ಇಲ್ಲೇ. ಫ್ಲೋರಿನ್‌ ತುಂಬಿದ, ನಿಸರ್ಗದಲ್ಲಿ ಬೇಗ ಕರಗದ ರಾಸಾಯನಿಕಗಳ ಉದಾಹರಣೆಯನ್ನು ನೋಡಿ. ಇವನ್ನು ಇಂದು ಎಲ್ಲರೂ “ಪಿಎಫ್‌ಎಎಸ್” ಎನ್ನುತ್ತಾರೆ. ಆದರೆ ಈ ಗುಂಪಿನ ಹೆಸರುಗಳನ್ನು ಒಂದು ಶಿಸ್ತಿಗೆ ತಂದ ಪ್ರಬಂಧ ಬಂದದ್ದು 2011ರಲ್ಲಿ. ಅದಕ್ಕೂ ಮುನ್ನ ಬಹಳ ಮಂದಿ ಇವನ್ನು “ಪರ್‌ಫ್ಲೋರಿನೇಟೆಡ್ ಕಾಂಪೌಂಡ್ಸ್”, ಚಿಕ್ಕದಾಗಿ “ಪಿಎಫ್‌ಸಿ” ಎಂದು ಬರೆಯುತ್ತಿದ್ದರು. ಹೊಸ ಹೆಸರನ್ನಷ್ಟೇ ಎಣಿಸಿದವರಿಗೆ ಈ ವಿಷಯ 2011ರ ನಂತರ ಹುಟ್ಟಿದಂತೆ ಕಾಣುತ್ತದೆ, ಹಳೆಯ ಹೆಸರನ್ನಷ್ಟೇ ಎಣಿಸಿದವರಿಗೆ ಅದು ಸಾಯುತ್ತಿರುವಂತೆ ಕಾಣುತ್ತದೆ. ಸರಿ, ಎರಡನ್ನೂ ಸೇರಿಸಿ ಎಣಿಸೋಣ ಎಂದರೆ ಇನ್ನೊಂದು ತೊಡಕು ಎದುರಾಗುತ್ತದೆ. ರೋಗನಿರೋಧಕ ಶಕ್ತಿಯ ಮೇಲಿನ ದುಷ್ಪರಿಣಾಮವನ್ನು ಅಳೆಯುವ “ಪ್ಲಾಕ್ ಫಾರ್ಮಿಂಗ್ ಸೆಲ್” ಎಂಬ ಹಳೆಯ ಪರೀಕ್ಷೆಯನ್ನೂ “ಪಿಎಫ್‌ಸಿ” ಎಂದೇ ಸಂಕ್ಷೇಪಿಸುತ್ತಾರೆ. ನರವಿಷವಿಜ್ಞಾನದ ಲೇಖನಗಳಲ್ಲಿ ಅದೇ ಮೂರು ಅಕ್ಷರಗಳು ಮೆದುಳಿನ ಮುಂಭಾಗದ “ಪ್ರಿಫ್ರಂಟಲ್ ಕಾರ್ಟೆಕ್ಸ್” ಎಂಬ ಭಾಗವನ್ನು ಸೂಚಿಸುತ್ತವೆ. ಒಂದೇ ಸಂಕ್ಷೇಪ, ಮೂರು ಪ್ರಪಂಚ. ತಂತ್ರಾಂಶಕ್ಕೆ ಈ ವ್ಯತ್ಯಾಸ ತಿಳಿಯದು.

ಸೀಸದ ಕಥೆ ಇನ್ನೂ ಸರಳ, ಇನ್ನೂ ಅಪಾಯಕಾರಿ. ಸೀಸಕ್ಕೆ ಇಂಗ್ಲಿಷಿನಲ್ಲಿರುವ “ಲೆಡ್” ಎಂಬ ಪದ ಮತ್ತು “ಕಾರಣವಾಗು” ಎಂಬರ್ಥದ “ಲೀಡ್” ಎಂಬ ಕ್ರಿಯಾಪದ ಬರಹದಲ್ಲಿ ಒಂದೇ. ಸಾರಾಂಶಗಳಲ್ಲಿ ಆ ಪದವನ್ನು ಹುಡುಕಿದರೆ ಸೀಸಕ್ಕೆ ಯಾವ ಸಂಬಂಧವೂ ಇಲ್ಲದ ನೂರಾರು ಲೇಖನಗಳು ಬರುತ್ತವೆ. ಇದಕ್ಕೆ ಪರಿಹಾರ, ಪದವನ್ನು ಸಾರಾಂಶದಲ್ಲಿ ಹುಡುಕದೆ ಶೀರ್ಷಿಕೆ ಮತ್ತು ಲೇಖಕರು ಕೊಟ್ಟ ಕೀವರ್ಡ್‌ಗಳಲ್ಲಿ ಮಾತ್ರ ಹುಡುಕುವುದು, ಅಥವಾ ವೈದ್ಯಕೀಯ ಲೇಖನಗಳ ಸೂಚಿಯಾದ ಪಬ್‌ಮೆಡ್‌ನಲ್ಲಿ ಸಿಬ್ಬಂದಿ ಮತ್ತು ತಂತ್ರಾಂಶ ಸೇರಿ ಹಚ್ಚುವ “ಮೆಶ್” ವಿಷಯಶೀರ್ಷಿಕೆಗಳ ಮೂಲಕ ಹೋಗುವುದು. ರಾಸಾಯನಿಕಗಳಿಗೆ ಸಿಎಎಸ್ ನೋಂದಣಿ ಸಂಖ್ಯೆ ಇನ್ನೂ ಭದ್ರ: ಬಿಸ್‌ಫಿನಾಲ್ ಎ ಎಂಬುದನ್ನು ಯಾರು ಯಾವ ರೀತಿ ಬರೆದರೂ ಅದರ ಸಂಖ್ಯೆ 80-05-7 ಎಂದೇ ಇರುತ್ತದೆ. ಎಲ್ಲ ಲೇಖನಗಳಲ್ಲೂ ಈ ಸಂಖ್ಯೆ ಇರುವುದಿಲ್ಲ ಎಂಬುದು ನಿಜ. ಆದರೂ ಹೆಸರುಗಳ ಪಟ್ಟಿಯನ್ನು ಸರಿಯಾಗಿ ಕಟ್ಟಿದ್ದೀರಾ ಎಂದು ತಾಳೆ ನೋಡಲು ಅದು ಒಳ್ಳೆಯ ಆಸರೆ.

ಆದ್ದರಿಂದ ಎಣಿಕೆಗೆ ಮುನ್ನ ಒಂದು ಪರ್ಯಾಯ ಪದಗಳ ಕೋಷ್ಟಕವನ್ನು ಕೈಯಾರೆ ತಯಾರಿಸಬೇಕು. ಎಡಗಡೆ ನೀವು ಆರಿಸಿಕೊಂಡ ಒಂದು ಪ್ರಮಾಣಿತ ಹೆಸರು, ಬಲಗಡೆ ಅದರ ಎಲ್ಲ ರೂಪಗಳು: ಏಕವಚನ, ಬಹುವಚನ, ಸಂಕ್ಷೇಪ, ಹಳೆಯ ಹೆಸರು, ಅಡ್ಡಗೀಟು ಇರುವ ಮತ್ತು ಇಲ್ಲದ ಬರಹ, ಬ್ರಿಟಿಷ್ ಮತ್ತು ಅಮೆರಿಕನ್ ಕಾಗುಣಿತ. ಲೈಡನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ, ಕೀವರ್ಡ್ ನಕ್ಷೆ ಬಿಡಿಸುವ ವಿಒಎಸ್‌ವ್ಯೂವರ್ ತಂತ್ರಾಂಶ ಇಂಥ ಕೋಷ್ಟಕವನ್ನು ನೇರವಾಗಿ ಸ್ವೀಕರಿಸುತ್ತದೆ. ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಬಿಬ್ಲಿಯೊಮೆಟ್ರಿಕ್ಸ್ ತಂತ್ರಾಂಶದಲ್ಲೂ ಇದಕ್ಕೆ ಅವಕಾಶವಿದೆ. ಕೋಷ್ಟಕ ಸಿದ್ಧವಾದ ಮೇಲೆ ಪ್ರತಿ ಮುಖ್ಯ ವಿಷಯಕ್ಕೆ ಐವತ್ತು ಲೇಖನಗಳನ್ನು ಯಾದೃಚ್ಛಿಕವಾಗಿ ಎತ್ತಿಕೊಂಡು ಶೀರ್ಷಿಕೆ, ಸಾರಾಂಶ ಓದಿ, ಅವು ನಿಜವಾಗಿ ಆ ವಿಷಯಕ್ಕೇ ಸೇರಿದವೇ ಎಂದು ನೋಡಿ. ಐವತ್ತರಲ್ಲಿ ಹತ್ತು ತಪ್ಪಿದ್ದರೆ ಕೋಷ್ಟಕವನ್ನು ತಿದ್ದಿ ಮತ್ತೆ ಎಣಿಸಿ. ಇದು ಬೇಸರದ ಕೆಲಸ, ಒಂದು ವಾರವನ್ನೇ ತಿಂದೀತು. ಆದರೂ ಇಡೀ ಅಧ್ಯಯನದಲ್ಲಿ ಇದಕ್ಕಿಂತ ಬೆಲೆಯುಳ್ಳ ವಾರ ಇನ್ನೊಂದಿರದು ಎಂದು ನಾನು ನಂಬಿದ್ದೇನೆ.

ಸಂಖ್ಯೆ ಬೇರೆ, ಪಾಲು ಬೇರೆ

ಒಲವನ್ನು ತೋರಿಸುವಾಗ ಲೇಖನಗಳ ಸಂಖ್ಯೆಗಿಂತ ಅವುಗಳ ಪಾಲನ್ನು ತೋರಿಸಬೇಕು. ಜರ್ನಲ್‌ ಒಂದು 2010ರಲ್ಲಿ 200 ಲೇಖನಗಳನ್ನು ಪ್ರಕಟಿಸಿ ಅವುಗಳಲ್ಲಿ 10 ನ್ಯಾನೊಕಣಗಳ ಬಗ್ಗೆ ಇದ್ದವು, 2020ರಲ್ಲಿ 500 ಪ್ರಕಟಿಸಿ 20 ಆ ವಿಷಯದ್ದಾಗಿದ್ದವು ಎಂದು ಊಹಿಸಿಕೊಳ್ಳಿ. ಸಂಖ್ಯೆಯನ್ನು ನೋಡಿದರೆ ಆಸಕ್ತಿ ಇಮ್ಮಡಿಯಾಗಿದೆ. ಪಾಲನ್ನು ನೋಡಿದರೆ ಶೇಕಡಾ 5ರಿಂದ 4ಕ್ಕೆ ಇಳಿದಿದೆ. ವಿಶೇಷ ಸಂಚಿಕೆ ಬಂದ ವರ್ಷದಲ್ಲಿ ಒಂದು ವಿಷಯದ ಪಾಲು ಏರಿ ಮರುವರ್ಷ ಇಳಿಯುವುದರಿಂದ ಮೂರು ವರ್ಷಗಳ ಚಲಿಸುವ ಸರಾಸರಿಯನ್ನು ಬಳಸುವುದು ಒಳಿತು. ಜರ್ನಲ್‌ನ ಪಾಲಿನ ಪಕ್ಕದಲ್ಲೇ ಇಡೀ ವಿಷವಿಜ್ಞಾನ ಕ್ಷೇತ್ರದಲ್ಲಿ ಅದೇ ವಿಷಯದ ಪಾಲನ್ನು ಇನ್ನೊಂದು ಗೆರೆಯಾಗಿ ಎಳೆಯಿರಿ. ಎರಡೂ ಗೆರೆಗಳು ಜೊತೆಯಾಗಿ ಏರಿದರೆ ಜರ್ನಲ್‌ ಕ್ಷೇತ್ರದೊಂದಿಗೆ ಸಾಗಿದೆ. ಒಂದು ಮಾತ್ರ ಏರಿದರೆ ಸಂಪಾದಕರ ಆಯ್ಕೆಯನ್ನೋ ಜರ್ನಲ್‌ನ ವ್ಯಾಪ್ತಿಯಲ್ಲಾದ ಬದಲಾವಣೆಯನ್ನೋ ಹುಡುಕಬೇಕು.

ಗೆರೆಯ ಏರಿಳಿತಗಳಿಗೆ ಅರ್ಥ ಕೊಡಲು ವಿಷವಿಜ್ಞಾನದ ಕಾಲಗಣನೆಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಪ್ರಾಣಿಗಳಲ್ಲಿ ಮಾರಕ ಪ್ರಮಾಣವನ್ನು ನಿರ್ಧರಿಸುತ್ತಿದ್ದ, ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯ (ಒಇಸಿಡಿ) 401ನೇ ಪರೀಕ್ಷಾ ಮಾರ್ಗಸೂಚಿಯನ್ನು 2002ರ ಕೊನೆಯಲ್ಲಿ ಕೈಬಿಡಲಾಯಿತು; ಅದರ ಜಾಗದಲ್ಲಿ ಕಡಿಮೆ ಪ್ರಾಣಿಗಳನ್ನು ಬಳಸುವ 420, 423, 425ನೇ ಮಾರ್ಗಸೂಚಿಗಳು ಉಳಿದವು. 2007ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಇಪ್ಪತ್ತೊಂದನೇ ಶತಮಾನದ ವಿಷತ್ವ ಪರೀಕ್ಷೆ ಹೇಗಿರಬೇಕೆಂಬ ವರದಿಯನ್ನು ಹೊರತಂದು, ಮಾನವ ಕೋಶಗಳ ಮೇಲಿನ ಪರೀಕ್ಷೆಗಳತ್ತ ದಾರಿ ತೋರಿಸಿತು. ಅದೇ ವರ್ಷದ ಜೂನ್‌ 1ರಂದು ಐರೋಪ್ಯ ಒಕ್ಕೂಟದಲ್ಲಿ ರಾಸಾಯನಿಕಗಳ ನೋಂದಣಿಯ ರೀಚ್ ಕಾಯಿದೆ ಜಾರಿಗೆ ಬಂತು. 2010ರಲ್ಲಿ, ರಾಸಾಯನಿಕ ದೇಹದಲ್ಲಿ ಮೊದಲು ಮಾಡುವ ಬದಲಾವಣೆಯಿಂದ ಕೊನೆಯ ದುಷ್ಪರಿಣಾಮದವರೆಗಿನ ಹಂತಗಳನ್ನು ಜೋಡಿಸಿ ತೋರಿಸುವ “ಅಡ್ವರ್ಸ್ ಔಟ್‌ಕಮ್ ಪಾಥ್‌ವೇ” ಎಂಬ ಚೌಕಟ್ಟನ್ನು ವಿವರಿಸಿದ ಪ್ರಬಂಧ ಪ್ರಕಟವಾಯಿತು. 2013ರ ಮಾರ್ಚ್‌ನಲ್ಲಿ ಪ್ರಾಣಿಗಳ ಮೇಲೆ ಪರೀಕ್ಷಿಸಿದ ಸೌಂದರ್ಯವರ್ಧಕಗಳ ಮಾರಾಟಕ್ಕೆ ಐರೋಪ್ಯ ಒಕ್ಕೂಟದಲ್ಲಿ ಸಂಪೂರ್ಣ ನಿಷೇಧ ಬಂತು. ಈ ದಿನಾಂಕಗಳನ್ನು ನಿಮ್ಮ ನಕ್ಷೆಯ ಮೇಲೆ ಸಣ್ಣ ಲಂಬ ಗೆರೆಗಳಾಗಿ ಗುರುತಿಸಿದರೆ ಓದುಗರಿಗೆ ದಾರಿ ಸಿಗುತ್ತದೆ. ಆದರೆ ಗೆರೆಯ ಮರುವರ್ಷವೇ ಕಂಡ ಏರಿಕೆಗೆ ಆ ಘಟನೆಯೇ ಕಾರಣವೆಂದು ಬರೆಯುವ ಅವಸರ ಬೇಡ: ಅನುದಾನ, ಪ್ರಯೋಗ, ವಿಶ್ಲೇಷಣೆ, ತಜ್ಞರ ಪರಿಶೀಲನೆ ಇವೆಲ್ಲ ಮುಗಿದು ಲೇಖನ ಅಚ್ಚಾಗಲು ಹಲವು ವರ್ಷ ಹಿಡಿಯುವುದರಿಂದ, ಅಷ್ಟು ಬೇಗ ಬಂದ ಏರಿಕೆಯ ಬೇರು ಘಟನೆಗಿಂತ ಹಿಂದೆಯೇ ಇರುವ ಸಾಧ್ಯತೆ ಹೆಚ್ಚು.

ಕೀವರ್ಡ್‌ಗಳ ನಕ್ಷೆಯ ಬಗ್ಗೆ ಒಂದು ಮಾತು. ಯಾವ ಎರಡು ಪದಗಳು ಒಂದೇ ಲೇಖನದಲ್ಲಿ ಜೊತೆಯಾಗಿ ಬರುತ್ತವೆ ಎಂಬುದರ ಮೇಲೆ ಗುಂಪುಗಳನ್ನು ಕಟ್ಟುವ ಈ ನಕ್ಷೆಯಲ್ಲಿ “ಆಕ್ಸಿಡೇಟಿವ್ ಸ್ಟ್ರೆಸ್”, “ಅಪಾಪ್ಟೋಸಿಸ್”, “ಇಲಿ” ಮುಂತಾದವು ಎಲ್ಲದರ ನಡುವೆ ದೊಡ್ಡ ಚುಕ್ಕೆಗಳಾಗಿ ಕೂರುತ್ತವೆ, ಏಕೆಂದರೆ ಯಾವ ರಾಸಾಯನಿಕದ ಅಧ್ಯಯನವಾದರೂ ಇವು ಬರುತ್ತವೆ. ಎಲ್ಲೆಡೆ ಇರುವ ಪದ ಯಾವುದನ್ನೂ ಬೇರ್ಪಡಿಸಿ ತೋರಿಸಲಾರದು. ರಾಸಾಯನಿಕ, ಪರೀಕ್ಷಾ ವಿಧಾನ, ಅಂಗಾಂಗ ಮತ್ತು ಪರಿಣಾಮ ಎಂಬ ನಾಲ್ಕು ಗುಂಪುಗಳಾಗಿ ಕೀವರ್ಡ್‌ಗಳನ್ನು ವಿಂಗಡಿಸಿ ಒಂದೊಂದಕ್ಕೂ ಪ್ರತ್ಯೇಕ ಕೋಷ್ಟಕ ಮಾಡಿದರೆ ಒಂದೇ ದೊಡ್ಡ ನಕ್ಷೆಗಿಂತ ಹೆಚ್ಚು ಸಂಗತಿ ಹೊರಬರುತ್ತದೆ.

ಇಂಪ್ಯಾಕ್ಟ್ ಫ್ಯಾಕ್ಟರ್ ಅನ್ನು ಬಿಡಿಸಿ ನೋಡುವುದು

ಉಲ್ಲೇಖಗಳ ಸೂಚಿಯೊಂದನ್ನು ಕಟ್ಟಬೇಕೆಂಬ ಕಲ್ಪನೆಯನ್ನು ಯೂಜೀನ್ ಗಾರ್ಫೀಲ್ಡ್ 1955ರಲ್ಲಿ “ಸೈನ್ಸ್” ಪತ್ರಿಕೆಯಲ್ಲಿ ಮಂಡಿಸಿದರು. ಜರ್ನಲ್‌ಗಳ ಇಂಪ್ಯಾಕ್ಟ್ ಫ್ಯಾಕ್ಟರ್‌ಗಳನ್ನು ಪಟ್ಟಿ ಮಾಡುವ ಜರ್ನಲ್ ಸೈಟೇಷನ್ ರಿಪೋರ್ಟ್ಸ್ 1975ರಿಂದ ಹೊರಬರುತ್ತಿದೆ. ಲೆಕ್ಕ ಸರಳ. ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟವಾದುದಕ್ಕೆ ಈ ವರ್ಷ ಬಂದ ಉಲ್ಲೇಖಗಳನ್ನು, ಆ ಎರಡು ವರ್ಷಗಳ ಸಂಶೋಧನಾ ಲೇಖನ ಮತ್ತು ಸಮೀಕ್ಷಾ ಲೇಖನಗಳ ಒಟ್ಟು ಸಂಖ್ಯೆಯಿಂದ ಭಾಗಿಸಬೇಕು. ಜರ್ನಲ್‌ ಒಂದು 2022ರಲ್ಲಿ 180, 2023ರಲ್ಲಿ 220 ಲೇಖನಗಳನ್ನು ಪ್ರಕಟಿಸಿ, ಅವಕ್ಕೆ 2024ರಲ್ಲಿ 1600 ಉಲ್ಲೇಖಗಳು ಬಂದವು ಎಂದುಕೊಳ್ಳೋಣ. 1600ನ್ನು 400ರಿಂದ ಭಾಗಿಸಿದರೆ 4.0 ದೊರೆಯುತ್ತದೆ. ಈಗ ಆ 400ರಲ್ಲಿ 20 ಮಾತ್ರ ಸಮೀಕ್ಷಾ ಲೇಖನಗಳು, ಆದರೆ 1600ರಲ್ಲಿ 500 ಉಲ್ಲೇಖಗಳು ಅವಕ್ಕೇ ಸೇರಿದವು ಎಂದು ತಿಳಿದುಬಂದರೆ, ಉಳಿದ 380 ಸಂಶೋಧನಾ ಲೇಖನಗಳ ಸರಾಸರಿ 1100 ಭಾಗಿಸು 380, ಅಂದರೆ ಸುಮಾರು 2.9. ಪ್ರಯೋಗದ ಲೇಖನವನ್ನು ಕಳುಹಿಸಲಿರುವ ವಿದ್ಯಾರ್ಥಿಗೆ ಬೇಕಾದ ಸಂಖ್ಯೆ ಎರಡನೆಯದು, ಮೊದಲನೆಯದಲ್ಲ.

ಸರಾಸರಿಯ ಈ ದೌರ್ಬಲ್ಯ ಹೊಸ ಸಂಗತಿಯೇನೂ ಅಲ್ಲ. ಪರ್ ಸೆಗ್ಲೆನ್ 1997ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದಂತೆ, ಹೆಚ್ಚು ಉಲ್ಲೇಖ ಪಡೆಯುವ ಶೇಕಡಾ 15ರಷ್ಟು ಲೇಖನಗಳೇ ಒಟ್ಟು ಉಲ್ಲೇಖಗಳ ಅರ್ಧದಷ್ಟನ್ನು ತಮ್ಮದಾಗಿಸಿಕೊಳ್ಳುತ್ತವೆ. ಇದರ ಅತಿರೇಕದ ಉದಾಹರಣೆ ವಿಷವಿಜ್ಞಾನದ ಹೊರಗೆ, ಸ್ಫಟಿಕವಿಜ್ಞಾನದಲ್ಲಿದೆ: “ಆಕ್ಟಾ ಕ್ರಿಸ್ಟಲೋಗ್ರಾಫಿಕಾ ಎ” ಎಂಬ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ 2ರ ಆಸುಪಾಸಿನಲ್ಲಿದ್ದದ್ದು 2009ರಲ್ಲಿ ಸುಮಾರು 50ಕ್ಕೆ ಏರಿತು. ಅದಕ್ಕೆ ಕಾರಣ 2008ರಲ್ಲಿ ಪ್ರಕಟವಾದ, ಬಹುತೇಕ ಎಲ್ಲ ಸ್ಫಟಿಕವಿಜ್ಞಾನಿಗಳೂ ಬಳಸುವ ತಂತ್ರಾಂಶದ ಬಗೆಗಿನ ಒಂದೇ ಒಂದು ಲೇಖನ. ಉಳಿದ ಲೇಖನಗಳ ಗುಣದಲ್ಲಿ ಆ ವರ್ಷ ಯಾವ ಬದಲಾವಣೆಯೂ ಆಗಿರಲಿಲ್ಲ. ಹೀಗಾಗಿ ನಿಮ್ಮ ವರದಿಯಲ್ಲಿ ಸರಾಸರಿಯ ಜೊತೆಗೆ ಮಧ್ಯಾಂಕವನ್ನೂ, ಒಂದೂ ಉಲ್ಲೇಖ ಪಡೆಯದ ಲೇಖನಗಳ ಪಾಲನ್ನೂ ಕೊಡಿ. ಸಾಧ್ಯವಾದರೆ ಎಷ್ಟು ಉಲ್ಲೇಖ ಪಡೆದ ಲೇಖನಗಳು ಎಷ್ಟೆಷ್ಟಿವೆ ಎಂಬ ಹಂಚಿಕೆಯ ಪೂರ್ಣ ಚಿತ್ರವನ್ನೇ ಹಾಕಿ. ಆ ಚಿತ್ರ ಯಾವಾಗಲೂ ಎಡಗಡೆ ಎತ್ತರವಾಗಿ, ಬಲಗಡೆ ಉದ್ದನೆಯ ಬಾಲವಾಗಿ ಇರುತ್ತದೆ. ಬಾಲದ ತುದಿಯಲ್ಲಿರುವ ಹತ್ತು ಲೇಖನಗಳನ್ನು ಹೆಸರು ಹಿಡಿದು ಓದಿ. ವಿಷವಿಜ್ಞಾನದಲ್ಲಿ ಅವುಗಳ ಪೈಕಿ ಪರೀಕ್ಷಾ ವಿಧಾನಗಳೂ ಸಮೀಕ್ಷೆಗಳೂ ಎಷ್ಟಿವೆ, ಒಂದು ನಿರ್ದಿಷ್ಟ ವಿಷವಸ್ತುವಿನ ಬಗ್ಗೆ ಹೊಸ ಸಂಗತಿ ಹೇಳಿದವು ಎಷ್ಟಿವೆ ಎಂಬುದನ್ನು ವಿಂಗಡಿಸಿದಾಗಲೇ ಆ ಜರ್ನಲ್‌ನ ಪ್ರಭಾವ ಯಾವ ಬಗೆಯದು ಎಂದು ಹೇಳಬಹುದು.

ಅಂಶ ಮತ್ತು ಛೇದಗಳ ನಡುವಿನ ಅಸಮತೆಯನ್ನೂ ನೆನಪಿಡಿ. ಸಂಪಾದಕೀಯಗಳು, ಪತ್ರಗಳು ಛೇದದಲ್ಲಿ ಸೇರುವುದಿಲ್ಲ, ಆದರೆ ಅವಕ್ಕೆ ಬಂದ ಉಲ್ಲೇಖಗಳು ಅಂಶದಲ್ಲಿ ಸೇರುತ್ತವೆ. ಲೆಕ್ಕದ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗಿರುವುದರಿಂದ ಹಳೆಯ ಮತ್ತು ಹೊಸ ಅಂಕಗಳನ್ನು ಒಂದೇ ಗೆರೆಯಲ್ಲಿ ಜೋಡಿಸುವ ಮುನ್ನ ಯೋಚಿಸಬೇಕು. 2020ರ ಅಂಕಗಳಿಂದ, ಸಂಚಿಕೆಗೆ ಸೇರುವ ಮುನ್ನವೇ ಆನ್‌ಲೈನ್‌ನಲ್ಲಿ ಬಂದ ಲೇಖನಗಳನ್ನೂ ಪರಿಗಣಿಸಲಾಗುತ್ತಿದೆ. ಅದೇ ಸಮಯದಲ್ಲಿ ಕೋವಿಡ್ ಸಂಬಂಧಿತ ಪ್ರಕಟಣೆಗಳ ಪ್ರವಾಹವೂ ಸೇರಿ ಅನೇಕ ಜರ್ನಲ್‌ಗಳ ಅಂಕ ಏರಿತು, ಆಮೇಲೆ ಇಳಿಯಿತು. 2023ರ ಆವೃತ್ತಿಯಿಂದ ಇಂಪ್ಯಾಕ್ಟ್ ಫ್ಯಾಕ್ಟರ್ ಅನ್ನು ಮೂರು ದಶಮಾಂಶ ಸ್ಥಾನಗಳ ಬದಲು ಒಂದೇ ಸ್ಥಾನಕ್ಕೆ ಕೊಡಲಾಗುತ್ತಿದೆ. 2025ರ ಆವೃತ್ತಿಯಿಂದ, ಹಿಂತೆಗೆದುಕೊಂಡ ಲೇಖನಗಳಿಗೆ ಹೋದ ಮತ್ತು ಅವುಗಳಿಂದ ಬಂದ ಉಲ್ಲೇಖಗಳನ್ನು ಅಂಶದಿಂದ ಕೈಬಿಡಲಾಗಿದೆ. ಸ್ಕೋಪಸ್‌ನ ಸೈಟ್‌ಸ್ಕೋರ್ ಬೇರೆಯೇ ಅಳತೆ: 2020ರಲ್ಲಿ ಪರಿಷ್ಕರಿಸಿದ ಲೆಕ್ಕದಂತೆ ಅದು ನಾಲ್ಕು ವರ್ಷಗಳಲ್ಲಿ ಪ್ರಕಟವಾದುದಕ್ಕೆ ಅದೇ ನಾಲ್ಕು ವರ್ಷಗಳಲ್ಲಿ ಬಂದ ಉಲ್ಲೇಖಗಳನ್ನು ಎಣಿಸುತ್ತದೆ. ಒಂದರ ಅಂಕವನ್ನು ಇನ್ನೊಂದರ ಅಂಕದೊಂದಿಗೆ ಹೋಲಿಸುವಂತಿಲ್ಲ.

ಜರ್ನಲ್‌ನೊಳಗೆ ವಿಷಯಗಳನ್ನು ಹೋಲಿಸುವಾಗ ಕಾಲದ ಕಿಟಕಿ ಎಲ್ಲದಕ್ಕೂ ಒಂದೇ ಇರಲಿ. 2012ರ ಲೇಖನಕ್ಕೆ ಉಲ್ಲೇಖ ಗಳಿಸಲು ಹತ್ತು ವರ್ಷಗಳಿಗೂ ಹೆಚ್ಚು ಕಾಲ ಸಿಕ್ಕಿದೆ, 2022ರ ಲೇಖನಕ್ಕೆ ಅಷ್ಟು ಸಿಕ್ಕಿಲ್ಲ. ಪ್ರಕಟಣೆಯ ವರ್ಷದ ನಂತರದ ಐದು ಪೂರ್ಣ ವರ್ಷಗಳ ಉಲ್ಲೇಖಗಳನ್ನಷ್ಟೇ ಎಣಿಸಿ, ಅಷ್ಟು ಕಾಲ ತುಂಬದ ಲೇಖನಗಳನ್ನು ಆ ಹೋಲಿಕೆಯಿಂದ ಹೊರಗಿಡಿ. ಎರಡು ವರ್ಷಗಳ ಕಿಟಕಿ ವಿಷವಿಜ್ಞಾನಕ್ಕೆ ಇಕ್ಕಟ್ಟು ಎಂಬುದು ನನ್ನ ಅಭಿಪ್ರಾಯ. ಇಲಿಗಳ ಮೇಲಿನ ಕ್ಯಾನ್ಸರ್ ಪರೀಕ್ಷೆಯೊಂದಕ್ಕೇ ಸಾಮಾನ್ಯವಾಗಿ ಎರಡು ವರ್ಷ ಬೇಕು. ಅಂಥ ಒಂದು ಪ್ರಬಂಧವನ್ನು ಓದಿ, ಅದೇ ಬಗೆಯ ಅಧ್ಯಯನವನ್ನು ಯೋಜಿಸಿ ಮುಗಿಸಿ ಬರೆಯುವವರ ಉಲ್ಲೇಖ ಇಂಪ್ಯಾಕ್ಟ್ ಫ್ಯಾಕ್ಟರ್‌ನ ಲೆಕ್ಕಕ್ಕೆ ಬರುವುದೇ ಇಲ್ಲ.

ಉಲ್ಲೇಖವೆಂದರೆ ಒಪ್ಪಿಗೆಯಲ್ಲ ಎಂಬುದಕ್ಕೆ ಈ ಕ್ಷೇತ್ರದಲ್ಲೇ ಸಾಕ್ಷಿಯಿದೆ. ಕುಲಾಂತರಿ ಮೆಕ್ಕೆಜೋಳವನ್ನು ತಿನ್ನಿಸಿದ ಇಲಿಗಳ ಬಗ್ಗೆ “ಫುಡ್ ಅಂಡ್ ಕೆಮಿಕಲ್ ಟಾಕ್ಸಿಕಾಲಜಿ” 2012ರಲ್ಲಿ ಪ್ರಕಟಿಸಿದ ಒಂದು ಲೇಖನವನ್ನು ಅದೇ ಜರ್ನಲ್‌ 2013ರಲ್ಲಿ ಹಿಂತೆಗೆದುಕೊಂಡಿತು. 2014ರಲ್ಲಿ ಅದು ಇನ್ನೊಂದು ಜರ್ನಲ್‌ನಲ್ಲಿ ಮರುಪ್ರಕಟವಾಯಿತು. ಅದನ್ನು ಉಲ್ಲೇಖಿಸಿದವರಲ್ಲಿ ಅಂಕಿಅಂಶದ ವಿಧಾನವನ್ನು ಟೀಕಿಸಿದವರೂ ಇದ್ದಾರೆ, ಸಮರ್ಥಿಸಿದವರೂ ಇದ್ದಾರೆ, ವಿಜ್ಞಾನದ ವಿವಾದಗಳನ್ನು ಅಧ್ಯಯನ ಮಾಡುವವರೂ ಇದ್ದಾರೆ. ಎಣಿಕೆಗೆ ಎಲ್ಲರೂ ಒಂದೇ. ಆದ್ದರಿಂದ ನಿಮ್ಮ ಪಟ್ಟಿಯ ಮೇಲ್ತುದಿಯಲ್ಲಿರುವ ಲೇಖನಗಳನ್ನು, ಹಿಂತೆಗೆದುಕೊಂಡ ಲೇಖನಗಳನ್ನು ಪಟ್ಟಿ ಮಾಡುವ ರಿಟ್ರಾಕ್ಷನ್ ವಾಚ್‌ನ ಸಂಗ್ರಹದೊಂದಿಗೆ ತಾಳೆ ನೋಡಿ. 2023ರಲ್ಲಿ ಕ್ರಾಸ್‌ರೆಫ್ ಅದನ್ನು ಪಡೆದುಕೊಂಡು ಎಲ್ಲರಿಗೂ ಮುಕ್ತಗೊಳಿಸಿದೆ. ಮುಖ್ಯ ಲೇಖನಗಳಿಗೆ ಬಂದ ಉಲ್ಲೇಖಗಳಲ್ಲಿ ಇಪ್ಪತ್ತು ಮೂವತ್ತನ್ನಾದರೂ ಮೂಲದಲ್ಲಿ ತೆರೆದು, ಅಲ್ಲಿನ ವಾಕ್ಯವನ್ನು ಓದಿ, ಅದು ಹಿನ್ನೆಲೆಗಾಗಿ ಬಂದದ್ದೇ, ವಿಧಾನವನ್ನು ಬಳಸಿಕೊಂಡದ್ದೇ, ಫಲಿತಾಂಶವನ್ನು ಒಪ್ಪಿದ್ದೇ ಅಥವಾ ಪ್ರಶ್ನಿಸಿದ್ದೇ ಎಂದು ಗುರುತು ಹಾಕಿಕೊಳ್ಳಿ. ಜರ್ನಲ್‌ ತನ್ನನ್ನು ತಾನೇ ಉಲ್ಲೇಖಿಸಿಕೊಂಡ ಪಾಲನ್ನು ಬೇರೆಯಾಗಿ ಕೊಡುವುದೂ ಅಗತ್ಯ. ಹಾವು, ಚೇಳುಗಳ ವಿಷದಂಥ ಕಿರಿದಾದ ವಿಷಯಕ್ಕೆ ಮೀಸಲಾದ ಜರ್ನಲ್‌ನಲ್ಲಿ ಆ ಪಾಲು ಸಹಜವಾಗಿಯೇ ಹೆಚ್ಚಿರಬಹುದು, ಏಕೆಂದರೆ ಆ ವಿಷಯದ ಕೆಲಸ ಹೆಚ್ಚಾಗಿ ಅಲ್ಲೇ ಪ್ರಕಟವಾಗುತ್ತದೆ. ಅನುಮಾನಪಡಬೇಕಾದದ್ದು ಆ ಪಾಲು ಒಂದೆರಡು ವರ್ಷಗಳಲ್ಲಿ ಥಟ್ಟನೆ ಏರಿದಾಗ.

ಡೇಟಾಬೇಸ್ ಕಾಣದ ಓದುಗರು

ಒಂದು ರಾಸಾಯನಿಕದ ಸುರಕ್ಷಿತ ಮಿತಿಯನ್ನು ನಿಗದಿ ಮಾಡುವ ದಾಖಲೆ ಒಂದು ಪ್ರಬಂಧವನ್ನು ಆಧಾರವಾಗಿ ಹಿಡಿದರೆ, ಆ ಪ್ರಬಂಧ ಕೋಟ್ಯಂತರ ಜನರು ಕುಡಿಯುವ ನೀರನ್ನೂ ತಿನ್ನುವ ಅನ್ನವನ್ನೂ ಮುಟ್ಟಿದಂತೆ. ಆದರೆ ಉಲ್ಲೇಖಗಳ ಎಣಿಕೆಯಲ್ಲಿ ಅದು ಹೆಚ್ಚೆಂದರೆ ಒಂದು ಅಂಕ, ಎಷ್ಟೋ ಸಲ ಸೊನ್ನೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಮಾನೊಗ್ರಾಫ್‌ಗಳು, ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರದ ಅಭಿಪ್ರಾಯಗಳು, ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಮೌಲ್ಯಮಾಪನಗಳು, ಆಹಾರದ ಸೇರ್ಪಡೆಗಳನ್ನು ಪರಿಶೀಲಿಸುವ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಮತ್ತು ಕೃಷಿ ಸಂಸ್ಥೆಗಳ ಜಂಟಿ ತಜ್ಞ ಸಮಿತಿಯ ವರದಿಗಳು: ವಿಷವಿಜ್ಞಾನದ ಪ್ರಭಾವವನ್ನು ಅಳೆಯುತ್ತೇನೆಂದು ಹೊರಟವರು ಇವನ್ನು ಬಿಟ್ಟರೆ ಅರ್ಧ ಕೆಲಸವನ್ನಷ್ಟೇ ಮಾಡಿದಂತೆ. ನೀತಿ ದಾಖಲೆಗಳಲ್ಲಿನ ಉಲ್ಲೇಖಗಳನ್ನು ಕಲೆಹಾಕುವ ಓವರ್ಟನ್‌ನಂಥ ಸೇವೆಗಳಿವೆ. ಅವು ಕೈಗೆಟುಕದಿದ್ದರೆ ಕೈಯಾರೆ ಮಾಡುವ ದಾರಿಯೂ ಉಂಟು. ನಿಮ್ಮ ಜರ್ನಲ್‌ ಹೆಚ್ಚು ಪ್ರಕಟಿಸಿರುವ ಎರಡು ಮೂರು ರಾಸಾಯನಿಕಗಳನ್ನು ಆರಿಸಿ, ಅವುಗಳ ಇತ್ತೀಚಿನ ಮೌಲ್ಯಮಾಪನ ದಾಖಲೆಗಳನ್ನು ಇಳಿಸಿಕೊಂಡು, ಉಲ್ಲೇಖ ಪಟ್ಟಿಯಲ್ಲಿ ನಿಮ್ಮ ಜರ್ನಲ್‌ನ ಹೆಸರನ್ನು, ಸಂಕ್ಷಿಪ್ತ ರೂಪವೂ ಸೇರಿದಂತೆ, ಹುಡುಕಿ. ಉದಾಹರಣೆಗೆ ಪಿಎಫ್‌ಎಎಸ್ ಗುಂಪಿನ ಪಿಎಫ್‌ಒಎ ಎಂಬ ರಾಸಾಯನಿಕವನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ಗುಂಪಿಗೂ, ಅದೇ ಬಗೆಯ ಪಿಎಫ್‌ಒಎಸ್ ಅನ್ನು ಕ್ಯಾನ್ಸರ್ ಉಂಟುಮಾಡುವ ಸಾಧ್ಯತೆಯಿರುವ 2ಬಿ ಗುಂಪಿಗೂ ಸೇರಿಸಿದ ತೀರ್ಮಾನ 2023ರಲ್ಲಿ ಹೊರಬಿದ್ದದ್ದು ಮಾನೊಗ್ರಾಫ್‌ಗಳ 135ನೇ ಸಂಪುಟಕ್ಕಾಗಿ ನಡೆದ ಮೌಲ್ಯಮಾಪನದಲ್ಲಿ. ಅಂಥ ಸಂಪುಟದಲ್ಲಿ ನಿಮ್ಮ ಜರ್ನಲ್‌ನ ಯಾವ ಲೇಖನಗಳು ಬಂದಿವೆ, ಅವು ತೀರ್ಮಾನಕ್ಕೆ ಆಧಾರವಾದ ಭಾಗದಲ್ಲಿವೆಯೇ ಹಿನ್ನೆಲೆಯ ವಿವರಣೆಯಲ್ಲಿವೆಯೇ ಎಂದು ನೋಡಿದರೆ, ಉಲ್ಲೇಖ ಎಣಿಕೆಯಲ್ಲಿ ಮಧ್ಯದಲ್ಲೆಲ್ಲೋ ಉಳಿದ ಪ್ರಬಂಧವೊಂದು ಇಲ್ಲಿ ಮುಖ್ಯ ಸ್ಥಾನದಲ್ಲಿರುವುದು ಕಂಡುಬರಬಹುದು. ಅದನ್ನು ವರದಿಯಲ್ಲಿ ಹೆಸರಿಸಿ ಬರೆಯಿರಿ.

ವಿಧಾನವನ್ನು ದಾಖಲಿಸುವುದು

ವರದಿಯ ವಿಧಾನದ ಭಾಗದಲ್ಲಿ ಯಾವ ಡೇಟಾಬೇಸ್, ಯಾವ ದಿನ ಹುಡುಕಿದ್ದು, ಹುಡುಕಾಟದ ಪೂರ್ಣ ಸೂತ್ರ, ಬಳಸಿದ ಐಎಸ್‌ಎಸ್‌ಎನ್ ಸಂಖ್ಯೆಗಳು, ಹೊರಗಿಟ್ಟ ಬಗೆಯ ನಮೂದುಗಳು ಮತ್ತು ಅವುಗಳ ಸಂಖ್ಯೆ, ತಂತ್ರಾಂಶದ ಹೆಸರು ಮತ್ತು ಆವೃತ್ತಿ ಇವಿಷ್ಟೂ ಇರಬೇಕು. ಉಲ್ಲೇಖಗಳ ಸಂಖ್ಯೆ ದಿನದಿನವೂ ಬೆಳೆಯುವುದರಿಂದ ದಿನಾಂಕವಿಲ್ಲದ ಕೋಷ್ಟಕವನ್ನು ಯಾರೂ ಮತ್ತೆ ಪರೀಕ್ಷಿಸಲಾರರು. ಅಂತರರಾಷ್ಟ್ರೀಯ ಸಹಯೋಗದ ಲೇಖನವನ್ನು ಪ್ರತಿ ದೇಶಕ್ಕೂ ಒಂದೊಂದರಂತೆ ಪೂರ್ತಿಯಾಗಿ ಎಣಿಸಿದಿರೋ, ದೇಶಗಳ ನಡುವೆ ಭಾಗ ಮಾಡಿ ಎಣಿಸಿದಿರೋ ಎಂಬುದನ್ನೂ ಹೇಳಿ, ಏಕೆಂದರೆ ದೇಶಗಳ ಶ್ರೇಯಾಂಕ ಆ ಆಯ್ಕೆಯಿಂದಲೇ ಬದಲಾಗಬಹುದು. ಪರ್ಯಾಯ ಪದಗಳ ಕೋಷ್ಟಕವನ್ನು ಅನುಬಂಧವಾಗಿ ಪೂರ್ತಿ ಲಗತ್ತಿಸಿ. ಅದೇ ಜರ್ನಲ್‌ನ ಮುಂದಿನ ಐದು ವರ್ಷಗಳನ್ನು ಅಧ್ಯಯನ ಮಾಡುವವರು ಮೊದಲು ತೆರೆಯುವ ಪುಟ ಅದೇ ಆಗಿರುತ್ತದೆ, ಮತ್ತು ಆ ವೇಳೆಗೆ ಇನ್ನೊಂದು ರಾಸಾಯನಿಕದ ಹೆಸರು ಬದಲಾಗಿ ಅವರು ಅದಕ್ಕೊಂದು ಹೊಸ ಸಾಲನ್ನು ಸೇರಿಸಬೇಕಾಗಿರುತ್ತದೆ.